ಮನೆಬಿಟ್ಟ ಹುಡುಗನಿಂದ ಗ್ರೆಪ್‌ವರೆಗೆ

ಡೆಟ್ರಾಯಿಟ್‌ನ ವಾಲ್ಟರ್ ಪಿಟ್ಸ್ ಹದಿಹರೆಯದಲ್ಲೇ ಮನೆಬಿಟ್ಟು ಷಿಕಾಗೋ ಸೇರಿದ. ಕೈಯಲ್ಲಿ ಪದವಿಯಿಲ್ಲ, ಮಲಗಲು ಸೂರಿಲ್ಲ. ಇದ್ದದ್ದು ತರ್ಕಶಾಸ್ತ್ರದ ಹುಚ್ಚು ಮಾತ್ರ. ನರವಿಜ್ಞಾನಿ ವಾರೆನ್ ಮೆಕ್ಯುಲಕ್ ಅವನನ್ನು ತನ್ನ ಮನೆಯಲ್ಲೇ ಇಟ್ಟುಕೊಂಡ. 1943ರಲ್ಲಿ ಇಬ್ಬರೂ ಸೇರಿ ಮೆದುಳಿನ ನರಕೋಶಗಳನ್ನು ತರ್ಕದ ಜಾಲವಾಗಿ ಬಣ್ಣಿಸಿದರು. ಆ ಪ್ರಬಂಧ ಓದುಗರಿಗೆ ಕಬ್ಬಿಣದ ಕಡಲೆಯಾಯಿತು.

1951ರ ಬೇಸಿಗೆಯಲ್ಲಿ, ಕ್ಯಾಲಿಫೋರ್ನಿಯಾದ ರ‍್ಯಾಂಡ್ ಸಂಸ್ಥೆಯಲ್ಲಿದ್ದ ಗಣಿತಜ್ಞ ಸ್ಟೀಫನ್ ಕ್ಲೇನಿ ಅದನ್ನು ಜಗಿಯಲು ಕುಳಿತ. ಇಂಥ ಜಾಲ ಯಾವ ಬಗೆಯ ಸರಣಿಗಳನ್ನು ಗುರುತಿಸಬಲ್ಲದು ಎಂಬ ಪ್ರಶ್ನೆ ಅವನನ್ನು ಹಿಡಿದುಕೊಂಡಿತು. ಕೊನೆಗೆ ಮೂರೇ ಕ್ರಿಯೆಗಳು ಸಾಕಾದವು: ಇದು ಅಥವಾ ಅದು, ಒಂದರ ಬೆನ್ನಿಗೆ ಇನ್ನೊಂದು, ಅದೇ ಮತ್ತೆ ಮತ್ತೆ. ಕೊನೆಯದಕ್ಕೆ ಅವನು ನಕ್ಷತ್ರದ ಚಿಹ್ನೆ ಹಾಕಿದ. ಮೆದುಳನ್ನು ಅರಿಯಲು ಹೊರಟವರ ಕೈಗೆ ಸರಣಿಗಳನ್ನು ಬಣ್ಣಿಸುವ ಸೂತ್ರ, ರೆಗ್ಯುಲರ್ ಎಕ್ಸ್‌ಪ್ರೆಶನ್, ಸಿಕ್ಕಿತ್ತು. ಅದರಿಂದ ಪಠ್ಯ ಹುಡುಕಬಹುದೆಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಹೊಳೆದದ್ದು ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್‌ಗೆ. ಐಬಿಎಂ 7094 ಯಂತ್ರದಲ್ಲಿ ಕ್ಯೂಇಡಿ ಎಂಬ ಎಡಿಟರ್ ಬರೆಯುವಾಗ ಕ್ಲೇನಿಯ ಸೂತ್ರವನ್ನು ಹುಡುಕಾಟಕ್ಕೆ ಹಚ್ಚಿದ. ಅಡ್ಡಿಯೊಂದಿತ್ತು. ನಕ್ಷತ್ರ ಬಂದಲ್ಲೆಲ್ಲ ದಾರಿ ಕವಲೊಡೆಯುತ್ತಿತ್ತು. ಒಂದೊಂದನ್ನೇ ಹೊಕ್ಕು ಸೋತು ಹಿಂದಿರುಗುತ್ತಿದ್ದರೆ ಸಮಯಕ್ಕೆ ಮಿತಿಯೇ ಇಲ್ಲ. ಥಾಂಪ್ಸನ್ ಎಲ್ಲ ದಾರಿಗಳಲ್ಲೂ ಒಟ್ಟಿಗೇ ನಡೆದ. ಪ್ರತಿ ಅಕ್ಷರವನ್ನೂ ಒಮ್ಮೆ ಓದಿದರೆ ಸಾಕಾಯಿತು. ಇಡೀ ಕತೆಯಲ್ಲಿ ಇದಕ್ಕಿಂತ ಸೊಗಸಾದ ಯೋಚನೆ ಇನ್ನೊಂದಿಲ್ಲ. 1968ರಲ್ಲಿ ಅದು ಅಚ್ಚಾಯಿತು.

ಮುಂದೆ ಸಹೋದ್ಯೋಗಿ ಲೀ ಮೆಕ್‌ಮಹನ್, ಅಮೆರಿಕದ ಸಂವಿಧಾನದ ಪರವಾಗಿ ಬರೆದ ‘ಫೆಡರಲಿಸ್ಟ್’ ಪ್ರಬಂಧಗಳಲ್ಲಿ ಯಾವುದನ್ನು ಯಾರು ಬರೆದರೆಂದು ಪತ್ತೆಹಚ್ಚಲು ಹೊರಟ. ಆ ಪಠ್ಯ ಆಗಿನ ಎಡಿಟರಿನ ಸ್ಮೃತಿಯಲ್ಲಿ ಹಿಡಿಸಲಿಲ್ಲ. ಥಾಂಪ್ಸನ್ ಹುಡುಕುವ ಭಾಗವನ್ನಷ್ಟೇ ಬಿಡಿಸಿ ಬೇರೆ ಪ್ರೋಗ್ರಾಮ್ ಮಾಡಿದ. ಗ್ರೆಪ್ ಹುಟ್ಟಿತು.

1987ರಲ್ಲಿ ಲ್ಯಾರಿ ವಾಲ್‌ನ ಪ್ರೋಗ್ರಾಮಿಂಗ್ ಭಾಷೆ ಪರ್ಲ್ ಬಂತು, ಕೆಲ ವರ್ಷಗಳ ನಂತರ ಜಾವಾಸ್ಕ್ರಿಪ್ಟ್. ವೆಬ್ ಫಾರ್ಮ್‌ನಲ್ಲಿ ಫೋನ್ ನಂಬರ್, ಇಮೇಲ್ ಸರಿಯಿದೆಯೇ ಎಂದು ನೋಡುವ ಕೆಲಸ ರೆಗ್ಯುಲರ್ ಎಕ್ಸ್‌ಪ್ರೆಶನ್ ಪಾಲಾಯಿತು. ಆದರೆ ಹೆಚ್ಚಿನ ಸೌಲಭ್ಯಗಳಿಗಾಗಿ ಈ ಭಾಷೆಗಳು ಹಿಡಿದದ್ದು ಥಾಂಪ್ಸನ್ ಬಿಟ್ಟ ದಾರಿಯನ್ನೇ: ಹೋಗು, ಸೋಲು, ಹಿಂದಿರುಗು.

2019ರ ಜುಲೈ 2ರಂದು, ಜಾಲತಾಣಗಳಿಗೆ ರಕ್ಷಣೆ ಒದಗಿಸುವ ಕ್ಲೌಡ್‌ಫ್ಲೇರ್ ಕಂಪನಿ ಒಂದು ಹೊಸ ಭದ್ರತಾ ನಿಯಮವನ್ನು ಜಾರಿಗೆ ತಂದಿತು. ಅದರೊಳಗಿನ ಒಂದು ಎಕ್ಸ್‌ಪ್ರೆಶನ್‌ನಲ್ಲಿ ‘ಏನಾದರೂ, ಎಷ್ಟಾದರೂ’ ಎನ್ನುವ ನಕ್ಷತ್ರಗಳು ಒಂದರ ಪಕ್ಕ ಒಂದಿದ್ದವು. ಕವಲುಗಳು ಬೆಳೆದವು, ಜಗತ್ತಿನಾದ್ಯಂತ ಅದರ ಸರ್ವರ್‌ಗಳ ಪ್ರೊಸೆಸರ್‌ಗಳು ಉಸಿರುಗಟ್ಟಿದವು, 27 ನಿಮಿಷ ಅಸಂಖ್ಯ ತಾಣಗಳು ತೆರೆಯಲಿಲ್ಲ.

ಹಿಂದಿರುಗದ, ಸಮಯದ ಖಾತರಿಯುಳ್ಳ ಎಂಜಿನ್‌ಗೆ ಬದಲಾಗುವುದಾಗಿ ಕಂಪನಿ ಘೋಷಿಸಿತು. ಅಂಥ ಎಂಜಿನ್‌ಗಳ ಮೂಲ ಥಾಂಪ್ಸನ್‌ನ 1968ರ ಆ ಪ್ರಬಂಧ. ಅದರ ಉದ್ದ ನಾಲ್ಕೇ ಪುಟ.