ಗಬ್ಬದ ಹಸುವಿಗೆ ಜೀವಸತ್ವ, ಖನಿಜ: ಬೇಕಾದ್ದೆಷ್ಟು?

ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರು ತೋಟದ ಗೊಬ್ಬರಕ್ಕೂ ಮನೆಯ ಹಾಲಿಗೂ ಎರಡು ಮೂರು ಹಸು ಸಾಕಿದವರೇ. ಮಿಶ್ರತಳಿಯ ಹಸು ಕೊಟ್ಟಿಗೆಗೆ ಬಂದಂದಿನಿಂದ 'ಕರು ಹಾಕಿತು, ಸತ್ತೆ ಬೀಳಲಿಲ್ಲ', 'ಕೆಚ್ಚಲು ಬಾವು ಬಂತು' ಎಂಬ ದೂರು ತಪ್ಪಿದ್ದಲ್ಲ. ಕಾರಣಗಳು ಹಲವು, ಮೇವಿಗೆ ಸಂಬಂಧಿಸಿದ ಒಂದನ್ನು ಇಲ್ಲಿ ವಿವರಿಸಬಯಸುತ್ತೇವೆ.

ಆಹಾರವು ದೇಹದಲ್ಲಿ ಶಕ್ತಿಯಾಗಿ ಮಾರ್ಪಡುವಾಗ ಕೆಲವು ಉಗ್ರ ಕಣಗಳು ಹುಟ್ಟುತ್ತವೆ. ಕರು ಹಾಕುವ ಹಿಂದುಮುಂದಿನ ವಾರಗಳಲ್ಲಿ ಇವು ಹೆಚ್ಚು. ಹಳೆಯ ಎಣ್ಣೆ ಕಮಟು ಹಿಡಿಯುವಂತೆ ಇವು ಜೀವಕೋಶದ ಪೊರೆಯಲ್ಲಿನ ಕೊಬ್ಬನ್ನು ಕೆಡಿಸುತ್ತವೆ. ಇದನ್ನು ತಡೆಯುವವೇ ಉತ್ಕರ್ಷಣ ನಿರೋಧಕಗಳು. 'ಇ' ಜೀವಸತ್ವ ಪೊರೆಯಲ್ಲೇ ಕಾವಲಿರುತ್ತದೆ. ಇದೇ ಕೆಲಸದ ಒಂದು ಕಿಣ್ವಕ್ಕೆ ಸೆಲೆನಿಯಂ ಬೇಕೆಂಬುದು 1973ರಲ್ಲಿ ತಿಳಿಯಿತು. ತಾಮ್ರ, ಸತು, ಮ್ಯಾಂಗನೀಸ್ ಬೇರೆ ಕಿಣ್ವಗಳಿಗೆ ಬೇಕು. ರೋಗಾಣುಗಳನ್ನು ನುಂಗುವ ಬಿಳಿ ರಕ್ತಕಣಗಳಿಗೂ ಈ ರಕ್ಷಣೆ ಅಗತ್ಯ. ಅದು ಸಾಲದಾದಾಗ ಸತ್ತೆ ನಿಲ್ಲುವುದೂ ಕೆಚ್ಚಲು ಬಾವೂ ಹೆಚ್ಚುತ್ತವೆ.

ಹಸಿಹುಲ್ಲಿನಲ್ಲಿ 'ಇ' ಜೀವಸತ್ವ ಧಾರಾಳವಾಗಿದೆ. ಒಣಗಿದ ಭತ್ತದ ಹುಲ್ಲಿನಲ್ಲಿ ಇಲ್ಲವೆಂದೇ ಹೇಳಬೇಕು. ಆದ್ದರಿಂದ ಬೇಸಗೆಯಲ್ಲಿ ಬರೀ ಒಣಹುಲ್ಲು ತಿಂದು ಮಳೆಗಾಲದ ಮೊದಲಿಗೆ ಕರು ಹಾಕುವ ಹಸುವಿನ ಮೇಲೆ ಕಣ್ಣಿಡಬೇಕು. ತೋಟದ ಬದಿಯಲ್ಲಿ ನಾಲ್ಕು ಸಾಲು ನೇಪಿಯರ್ ಹುಲ್ಲು ಹಾಕಿಕೊಂಡರೆ ಬಾಟಲಿ ಟಾನಿಕ್ಕಿನ ಅರ್ಧ ಖರ್ಚು ಉಳಿದೀತು. ಕೊರತೆಯೇ ಇಲ್ಲದ ಹಸುವಿಗೆ ಟಾನಿಕ್ ಕುಡಿಸಿ ಹಾಲು ಹೆಚ್ಚಿಸುತ್ತೇವೆಂಬ ಮಾತನ್ನು ನಾವಂತೂ ನಂಬುವುದಿಲ್ಲ.

ಖನಿಜದ ಮಾತು ಬೇರೆ. ಮಲೆನಾಡಿನ ಜಡಿಮಳೆಗೆ ಮಣ್ಣಿನ ಸುಣ್ಣದ ಅಂಶ ಕೊಚ್ಚಿಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ. ಅಲ್ಲಿ ಬೆಳೆದ ಮೇವೂ ಬಡಮೇವೇ. ಐ.ಎಸ್.ಐ. ಗುರುತಿನ ಖನಿಜ ಮಿಶ್ರಣವನ್ನು ದೊಡ್ಡ ಹಸುವಿಗೆ ದಿನಕ್ಕೆ ಸುಮಾರು 50 ಗ್ರಾಂನಂತೆ ಹಿಂಡಿ-ಬೂಸಾದೊಡನೆ ಕೊಡಬಹುದು. ಹಾಲು ಹೆಚ್ಚು ಕೊಡುವ ಹಸುವಿಗೆ ಇನ್ನೂ ಬೇಕಾದೀತು, ವೈದ್ಯರನ್ನು ಕೇಳಿರಿ.

ಹೆಚ್ಚಾದರೂ ಕೇಡೇ. ಸೆಲೆನಿಯಂ ಬೇಕಾಗುವುದು ಲೇಶಮಾತ್ರ, ಮಿತಿ ಮೀರಿದರೆ ವಿಷ. ಅದರ ಚುಚ್ಚುಮದ್ದನ್ನು ಪಶುವೈದ್ಯರೇ ಕೊಡಲಿ. ತಾಮ್ರದ ವಿಷಯದಲ್ಲಿ ಅಡಕೆ ಬೆಳೆಗಾರರಿಗೆ ಇನ್ನೊಂದು ಎಚ್ಚರಿಕೆ: ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತವೂ ತಾಮ್ರವೇ. ದ್ರಾವಣ ಸುರಿದ ಮರದಡಿಯ ಹುಲ್ಲನ್ನಾಗಲಿ, ದ್ರಾವಣ ಅಂಟಿದ ಹಾಳೆಯನ್ನಾಗಲಿ ಹಾಗೆಯೇ ತಂದು ಹಾಕಬಾರದು. ಕುರಿಗಳಂತೂ ತಾಮ್ರವನ್ನು ಸ್ವಲ್ಪವೂ ತಾಳವು. ಹಸುವಿನ ಖನಿಜ ಮಿಶ್ರಣವನ್ನು ಅವಕ್ಕೆ ಕೊಡಲೇಬೇಡಿರಿ.

ಕರು ಹಾಕಿ 12 ಗಂಟೆಯಾದರೂ ಸತ್ತೆ ಬೀಳದಿದ್ದರೆ ಕೈಯಿಂದ ಎಳೆಯುವುದು, ಕಲ್ಲು ಕಟ್ಟುವುದು ಬೇಡ. ಗರ್ಭಕೋಶಕ್ಕೆ ಗಾಯವಾಗಿ ನಂಜೇರಿದರೆ ಹಸು ಮತ್ತೆ ಗಬ್ಬ ಕಟ್ಟುವುದೇ ಕಷ್ಟ. ಪಶುವೈದ್ಯರಿಗೆ ಅಂದೇ ಹೇಳಿ ಕಳುಹಿಸಿರಿ.