ಸೆಳವಿನಲ್ಲಿ ಗಾಳದ ದಾರ

ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ, ಬೆಳಕವಾಡಿ ಸೀಮೆಯನ್ನು ಹಿಂದೆ ಬಿಟ್ಟು ಮುತ್ತತ್ತಿ, ಭೀಮೇಶ್ವರಿಗಳತ್ತ ಬಂಡೆಗಳ ನಡುವೆ ಹರಿಯುತ್ತದೆ. ಇಲ್ಲಿನ ಬಿಳಿಮೀನು, ಅರ್ಥಾತ್ ಮಹಶೀರ್, ವಿದೇಶಿ ಹವ್ಯಾಸಿಗಳನ್ನೂ ಸೆಳೆದಿತ್ತು. ಅವರಲ್ಲಿ ಹೆಚ್ಚಿನವರು ನೆಚ್ಚಿದ್ದು ನಮ್ಮ ರಾಗಿ ಉಂಡೆಯನ್ನೇ! ಗರಿ, ನೂಲುಗಳಿಂದ ಕೀಟದಂತೆ ಕಟ್ಟಿದ ಹಗುರ ಗಾಳದ 'ಫ್ಲೈ ಫಿಶಿಂಗ್' ವಿರಳವಾಗಿತ್ತು.

ಈ ಹಗುರ ಗಾಳಕ್ಕೆ ನಡುಹೊಳೆಯ ಸೆಳವೇ ಶತ್ರು. ದಡದಿಂದ ನೇರ ಅಡ್ಡಲಾಗಿ ಎಸೆದರೆ ವೇಗದ ನೀರು ದಾರವನ್ನು ಬಿಲ್ಲಿನಂತೆ ಬಾಗಿಸುತ್ತದೆ. ಅದರ ಎಳೆತಕ್ಕೆ ಗಾಳವೂ ಅಸಹಜವಾಗಿ ಓಡುತ್ತದೆ. ಯಾವ ಕೀಟವೂ ಹಾಗೆ ತೇಲದು, ಮೀನು ಮುಟ್ಟದು. ಹರಿವಿನ ದಿಕ್ಕಿಗೆ ಸುಮಾರು 45 ಡಿಗ್ರಿ ಓರೆಯಾಗಿ ಕೆಳಕ್ಕೆ ಎಸೆದಲ್ಲಿ ಬಾಗು ತಗ್ಗಿ, ಗಾಳ ನಿಧಾನವಾಗಿ ದಡದತ್ತ ಸರಿಯುತ್ತದೆ. ಆದರೂ ಬಾಗು ಮೂಡಿದರೆ ಕೋಲಿನ ತುದಿಯಿಂದ ದಾರವನ್ನೆತ್ತಿ ಮೇಲ್ಹರಿವಿನತ್ತ ಮಗುಚಬೇಕು. ಎಳೆಯಬಾರದು, ಎತ್ತಿಡಬೇಕು.

ದಾರ ಅತಿ ಸಡಿಲವಾದರೂ ಕೇಡೇ. ಕಚ್ಚಿದ್ದು ಕೈಗೆ ತಿಳಿಯುವಷ್ಟರಲ್ಲಿ ಮೀನು ಗಾಳವನ್ನು ಆಳಕ್ಕೆ ನುಂಗಿರುತ್ತದೆ. ಮರಳಿ ನೀರಿಗೆ ಬಿಟ್ಟರೂ ಬದುಕುವುದು ಕಷ್ಟ.

ಕಾವೇರಿ ಕೊಳ್ಳಕ್ಕಷ್ಟೇ ಸೀಮಿತವಾದ ಡುಬ್ಬದ ಮಹಶೀರ್‌ಗೆ ಈ ನಷ್ಟವನ್ನು ತಾಳುವ ಶಕ್ತಿಯಿಲ್ಲ. 'ಟಾರ್ ರೆಮದೇವಿ' ಎಂದು ಗುರುತಿಸಲಾದ 2018ರಲ್ಲೇ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿತು. ಕಾವೇರಿ ವನ್ಯಜೀವಿಧಾಮದಲ್ಲಿ ಹವ್ಯಾಸಿ ಮೀನುಗಾರಿಕೆ 2012ರಲ್ಲೇ ನಿಂತಿತು. ಎಸೆತದ ಅಭ್ಯಾಸ ಬೇಕಾದವರು ಅನುಮತಿಯುಳ್ಳ ಬೇರೆ ನೀರನ್ನು ಹುಡುಕಿಕೊಳ್ಳಬೇಕು.