ಹುಣ್ಣಿಮೆ ಬಿಡಿ, ಅಷ್ಟಮಿ ಚಂದ್ರನನ್ನು ನೋಡಿ

ಮೆಲ್ಬರ್ನ್‌ಗೆ ಬಂದ ಮೊದಲ ಚಳಿಗಾಲದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಟೆಲಿಸ್ಕೋಪ್ ತಗೊಂಡೆ. ಎರಡು ವಾರದ ದಿನಸಿ ದುಡ್ಡು ಅದಕ್ಕೇ ಹೋಯ್ತು. ಹುಣ್ಣಿಮೆ ಬರಲಿ ಅಂತ ಕಾದು, ಮನೆಯಲ್ಲಿದ್ದ ನಾಲ್ಕೂ ಜನರನ್ನು ಹಿತ್ತಲಿಗೆ ಎಳೆದುಕೊಂಡು ಹೋದೆ. ಕಂಡದ್ದು ಸುಣ್ಣ ಬಳಿದ ತಟ್ಟೆ. ಕಣ್ಣು ಕುಕ್ಕುವ ಬೆಳಕು ಬಿಟ್ಟರೆ ಒಂದು ಕುಳಿಯೂ ನೆಟ್ಟಗೆ ಕಾಣಲಿಲ್ಲ. "ಇದಕ್ಕಾ ದುಡ್ಡು ಕೊಟ್ಟೆ?" ಅಂದ ರೂಮ್‌ಮೇಟ್. ಮಾರಿಬಿಡೋಣ ಅಂತಲೇ ಇದ್ದೆ.

ತಪ್ಪು ಟೆಲಿಸ್ಕೋಪಿನದ್ದಲ್ಲ, ನಾನು ಆರಿಸಿದ ದಿನದ್ದು. ಹುಣ್ಣಿಮೆಯಂದು ಸೂರ್ಯನ ಬೆಳಕು ನಮ್ಮ ಬೆನ್ನ ಹಿಂದಿನಿಂದ ಚಂದ್ರನ ಮೇಲೆ ನೇರ ಬೀಳುತ್ತದೆ, ನೆರಳೇ ಕಾಣುವುದಿಲ್ಲ. ನೆರಳಿಲ್ಲದೆ ಉಬ್ಬುತಗ್ಗು ಗೊತ್ತಾಗಲ್ಲ. ಉತ್ತ ಹೊಲವನ್ನು ಮಟಮಟ ಮಧ್ಯಾಹ್ನ ನೋಡಿದರೆ ಬರೀ ಮಣ್ಣು. ಸಂಜೆಯ ಇಳಿಬಿಸಿಲಲ್ಲಿ ಒಂದೊಂದು ಸಾಲೂ ಎದ್ದು ಕಾಣುತ್ತದಲ್ಲ, ಹಾಗೆ. ಚಂದ್ರನ ಮೇಲೆ ಇಂಥ ಓರೆಬಿಸಿಲು ಇರುವುದು ಬೆಳಕು-ಕತ್ತಲೆ ಸೇರುವ ಗಡಿಯಲ್ಲಿ. ಹೊಸಬರು ಕಣ್ಣಿಡಬೇಕಾದ್ದು ಅಲ್ಲೇ.

ಆ ಗಡಿ ದಿನಕ್ಕೆ ಸುಮಾರು 12 ಡಿಗ್ರಿ ಸರಿಯುತ್ತದೆ. ನಮ್ಮ ತಿಥಿಯೂ ಅಷ್ಟೇ: ಸೂರ್ಯ-ಚಂದ್ರರ ನಡುವಿನ ಕೋನ 12 ಡಿಗ್ರಿ ಹೆಚ್ಚಿದರೆ ಒಂದು ತಿಥಿ. ಅಂದರೆ ಊರಿಂದ ತಂದ ಗೋಡೆ ಕ್ಯಾಲೆಂಡರೇ ನಿಮ್ಮ ವೇಳಾಪಟ್ಟಿ! ಅರ್ಧ ದಿನ ಹಿಂದೆಮುಂದೆ ಆಗಬಹುದು, ಚಿಂತೆಯಿಲ್ಲ.

ಶುಕ್ಲ ಚೌತಿಯಂದು ಅಂಚಿನ ಹತ್ತಿರ ಒಂಟಿಯಾಗಿ ನಿಂತ ಕಪ್ಪು ಮಚ್ಚೆ ಕಾಣುತ್ತದೆ, ಅದು ಮಾರೆ ಕ್ರಿಸಿಯಮ್. ಹೆಸರಿಗೆ ಸಮುದ್ರ, ನಿಜಕ್ಕೂ ಗಟ್ಟಿಯಾದ ಲಾವಾ ಬಯಲು. (ಭಾದ್ರಪದದ ಚೌತಿ ಒಂದನ್ನು ಬೇಕಾದರೆ ಬಿಡಿ, ಅಪವಾದ ಯಾಕೆ!) ಷಷ್ಠಿಗೆ ಥಿಯೋಫಿಲಸ್: ಸುಮಾರು 100 ಕಿ.ಮೀ. ಅಗಲದ ಕುಳಿ, ಮಧ್ಯದಲ್ಲೊಂದು ಬೆಟ್ಟ, ಪಕ್ಕದಲ್ಲೇ ಇನ್ನೆರಡು ಹಳೆಯ ಕುಳಿಗಳು.

ನನಗೆ ಇಷ್ಟವಾದದ್ದು ಅಷ್ಟಮಿ. ಅಪೆನೈನ್ ಪರ್ವತಸಾಲಿನ ಮೇಲೆ ಆಗಷ್ಟೇ ಸೂರ್ಯ ಹುಟ್ಟುತ್ತಿರುತ್ತಾನೆ. ಬುಡ ಇನ್ನೂ ಕತ್ತಲಲ್ಲಿ, ತುದಿಗೆ ಮಾತ್ರ ಬಿಸಿಲು. ಕಪ್ಪಿನೊಳಗೆ ಯಾರೋ ಸಾಲುದೀಪ ಹಚ್ಚಿಟ್ಟ ಹಾಗೆ. ಅಲ್ಲಿನ ಅತಿ ಎತ್ತರದ ಶಿಖರ ಐದು ಕಿ.ಮೀ. ದಾಟುತ್ತದೆ. ನಮ್ಮ ಮುಳ್ಳಯ್ಯನಗಿರಿ ಎರಡೂ ಇಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ, ಹೊಸದೊಂದು ಚುಕ್ಕಿ ಹೊತ್ತಿಕೊಂಡಿರುತ್ತದೆ. ನವಮಿಗೆ ಟೈಕೋ, ಕ್ಲೇವಿಯಸ್, ದಶಮಿಗೆ ಕೋಪರ್ನಿಕಸ್.

ಟೆಲಿಸ್ಕೋಪ್ ಇಲ್ಲದಿದ್ದರೆ 10×50 ಬೈನಾಕ್ಯುಲರ್ ಸಾಕು. ಕೈ ನಡುಗುತ್ತೆ, ಮೊಣಕೈಯನ್ನು ಕಾಂಪೌಂಡ್ ಗೋಡೆ ಮೇಲೆ ಊರಿಕೊಳ್ಳಿ. ಇನ್ನೊಂದು ಮಾತು: ನಾವಿರುವುದು ದಕ್ಷಿಣಾರ್ಧಗೋಳದಲ್ಲಿ. ಹೆಚ್ಚಿನ ನಕ್ಷೆಗಳಲ್ಲಿ ಉತ್ತರ ಮೇಲಿರುತ್ತೆ, ನಮ್ಮ ಆಕಾಶದಲ್ಲಿ ಚಂದ್ರನ ದಕ್ಷಿಣ ಮೇಲೆ. ಬೈನಾಕ್ಯುಲರ್‌ನಲ್ಲಿ ನೋಡುವಾಗ ನಕ್ಷೆಯನ್ನು ತಿರುಗಿಸಿ ಹಿಡಿಯಿರಿ. ಇದು ಗೊತ್ತಾಗದೆ ನಾನು ಮೂರು ರಾತ್ರಿ ಟೈಕೋವನ್ನು ಕೆಳಗಡೆ ಹುಡುಕಿದ್ದೇನೆ!

ಇದರಲ್ಲಿ ಒಂದು ಲಾಭವೂ ಇದೆ. ವಿಕ್ರಮ್ ಇಳಿದದ್ದು 69 ಡಿಗ್ರಿ ದಕ್ಷಿಣದಲ್ಲಿ, ನಮಗೆ ಅದು ಮೇಲಂಚಿನ ಹತ್ತಿರ. ಲ್ಯಾಂಡರ್ ಖಂಡಿತ ಕಾಣಲ್ಲ; ನಮ್ಮ ಟೆಲಿಸ್ಕೋಪಿಗೆ ಸಿಗುವ ಅತಿ ಚಿಕ್ಕ ಕುಳಿಯೇ ಕೆಲವು ಕಿ.ಮೀ. ಅಗಲ ಇರುತ್ತೆ. ಆದರೆ ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಚಪ್ಪಾಳೆ ಬಿದ್ದ 2023ರ ಆಗಸ್ಟ್ 23 ಶುಕ್ಲ ಸಪ್ತಮಿ. ಆ ಜಾಗದಲ್ಲಿ ಆಗಷ್ಟೇ ಬೆಳಗಾಗಿತ್ತು. ಅಲ್ಲಿನ ಹಗಲು ಸುಮಾರು ಎರಡು ವಾರ. ಸೋಲಾರ್ ಪ್ಯಾನೆಲ್‌ಗೆ ಅಷ್ಟೂ ಬಿಸಿಲು ಸಿಗಲಿ ಅಂತಲೇ ಬೆಳಗಿನ ಹೊತ್ತು ಆರಿಸಿದ್ದು. ಯಾವುದಾದರೂ ಸಪ್ತಮಿ ರಾತ್ರಿ ಆ ಅಂಚಿನ ನೆರಳುಗಳನ್ನು ನೋಡಿ, ಯಾಕೆ ಅಂತ ಅರ್ಥವಾಗುತ್ತೆ.

ಟೆಲಿಸ್ಕೋಪ್ ಮಾರಲಿಲ್ಲ. ಮೊನ್ನೆ ಏಕಾದಶಿ ರಾತ್ರಿ ಹನ್ನೆರಡಕ್ಕೆ ಹಿತ್ತಲಿನಿಂದಲೇ ಹಾಸನಕ್ಕೆ ಫೋನ್ ಮಾಡಿದೆ. ಅಲ್ಲಿ ಏಳೂವರೆ, ಅಮ್ಮ ಜಗಲಿ ಮೇಲೆ ಕೂತು ಅದೇ ಚಂದ್ರನನ್ನು ನೋಡುತ್ತಿದ್ದಳು.

"ಮೊಲ ಕಾಣ್ತಿದೆಯೇನೋ?"

"ಕಾಣ್ತಿದೆ ಅಮ್ಮ, ಆದ್ರೆ ತಲೆಕೆಳಗಾಗಿದೆ."

"ಮೊಲ ಸರಿಯಾಗೇ ಇದೆ, ನೀನೇ ತಲೆಕೆಳಗಾಗಿ ನಿಂತಿದೀಯ. ಊಟ ಆಯ್ತಾ?"